ಘಂಟೆ ಬಾರಿಸದ ಇಂಟರ್‌ವಲ್

ಭಾಲ್ಕಿಯಲ್ಲಿ ಫಕ್ರೋದ್ದೀನ ಸೇಠರ ಟೆಂಟ್ ಟಾಕೀಸು ಇದ್ದ ಕಾಲದಲ್ಲಿ ಪರದೆಯ ಎಡಮಗ್ಗುಲಿಗೆ ಒಂದು ಕಬ್ಬಿಣದ ಸ್ಟೂಲು ಇರುತ್ತಿತ್ತು. ಆಟ ಶುರುವಾದೊಡನೆ ಔರಾದದ ವೈಜಿನಾಥ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದ. ಸಿನಿಮಾ ಹಿಂದಿಯದು. ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದ ಹೆಂಗಸರಿಗೆ, ಮುದುಕರಿಗೆ ಅದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಯಾರು ಏನೆಂದರೂ ಅದನ್ನು ಆಗಿಂದಾಗಲೇ ಕನ್ನಡದಲ್ಲಿ ಕೂಗಿ ಹೇಳುವುದು ವೈಜಿನಾಥನ ನೌಕರಿ. ಅವನಿಗೆ ಮೈಕು ಕೊಟ್ಟಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ಬಾಯಿ ತೆರೆದರೆ ಸ್ಟೇಷನ್ನಿನ ಆಚೆ ಕಟ್ಟಿದ ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತುತ್ತವೆ ಎಂದು ಸೇಠರು ಹೇಳುತ್ತಿದ್ದರು. ವೈಜಿನಾಥ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಅದು ಎಪ್ಪತ್ತೆರಡರ ಬರ. ಹಿಂದಿನ ವರ್ಷದ ಮಳೆಯೂ ಹೋಗಿತ್ತು, ಆ ವರ್ಷದ್ದೂ ಹೋಯಿತು. ಸೇಠರು ದೇವರ ಸಿನಿಮಾ ತರಿಸಿದರು, ಜನ ಬರಲಿಲ್ಲ. ಅತ್ತೆ ಸೊಸೆಯರ ಸಿನಿಮಾ ತರಿಸಿದರು, ಅದಕ್ಕೂ ಬರಲಿಲ್ಲ. ಗ್ಯಾಂಗಿನ ಸಿನಿಮಾ ಬಂದಾಗ ಮಾತ್ರ ಟೆಂಟಿನ ಹಗ್ಗ ಬಿಗಿಯುವಷ್ಟು ಮಂದಿ. ಒಂದು ಗ್ಯಾಂಗು ಹೋದರೆ ಇನ್ನೊಂದು ಗ್ಯಾಂಗು. ಮುಖ ಬೇರೆ, ಅಡ್ಡೆ ಒಂದೇ. ಗುಡ್ಡದ ಹೊಟ್ಟೆಯಲ್ಲಿ ಗುಹೆ, ಗುಹೆಯಲ್ಲಿ ಕೆಂಪು ದೀಪ, ಕುರ್ಚಿಯ ಮೇಲೆ ಒಕ್ಕಣ್ಣಿನ ಬಾಸು, ಅವನ ಮುಂದೆ ಕುಣಿಯುವ ಹುಡುಗಿ, ಹುಡುಗಿಯ ಹಿಂದೆ ನೀರಿನ ಕಾರಂಜಿ. ನಮ್ಮ ಜನ ನೋಡುತ್ತಿದ್ದದ್ದು ಬಾಸನ್ನಲ್ಲ, ಹುಡುಗಿಯನ್ನೂ ಅಲ್ಲ. ಕಾರಂಜಿ ಚಿಮ್ಮಿದೊಡನೆ ಟೆಂಟಿಗೆ ಟೆಂಟೇ ಉಸಿರು ಬಿಡುತ್ತಿತ್ತು. 'ಹಗಲೂ ರಾತ್ರಿ ಬಿಡ್ತಾರೇನ್ರಿ ಆ ನೀರು?' ಎಂದು ಕತ್ತಲೆಯಲ್ಲಿ ಯಾರಾದರೂ ಕೇಳುತ್ತಿದ್ದರು.

ಆದರೆ ವೈಜಿನಾಥ ಜನ ಬರುವುದು ತನ್ನ ಬಾಸಿಗಾಗಿ ಎಂದು ನಂಬಿದ್ದ. ಹೀರೋನ ಮಾತನ್ನು ಅವನು ಹೇಗೋ ಒಂದು ರೀತಿ ಮುಗಿಸಿಬಿಡುವನು. ಬಾಸು ಬಂದಾಗ ಎದೆ ಉಬ್ಬಿಸಿ, ಸ್ಟೂಲಿನ ಮೇಲೆ ಒಂದು ಕಾಲು ಮುಂದಿಟ್ಟು, ಮೊದಲು ಅಟ್ಟಹಾಸ ಮಾಡುವನು. ಪರದೆಯ ಮೇಲಿನ ಬಾಸು ನಕ್ಕು ಮುಗಿಸಿದ ಮೇಲೂ ಭಾಲ್ಕಿಯ ಬಾಸು ನಗುತ್ತಿದ್ದ. ದಿನಗಳೆದಂತೆ ಆ ನಡಿಗೆ ಟೆಂಟಿನ ಹೊರಗೂ ಬಂತು. ಚಹಾದಂಗಡಿಗೆ ಹೋದರೆ ಕೂತವರು ಬೆಂಚು ಬಿಟ್ಟುಕೊಡುತ್ತಿದ್ದರು. ಅವನು ಹುಬ್ಬು ಮೇಲೇರಿಸಿ ಕೂಡುವನು.

ಇಂಥ ಬಾಸು ನಾಯಿಗೆ ಅಂಜುತ್ತಿದ್ದ. ಹಲ್ಲಿಗೆ ಅಂಜುತ್ತಿದ್ದ. ಬಸ್ಸಿನ ಕಂಡಕ್ಟರನಿಗೆ ಅಂಜಿ ಇಳಿಯುವ ಊರು ದಾಟಿ ಹೋದದ್ದೂ ಉಂಟು. ಖಾಲಿ ರಸ್ತೆಯಲ್ಲಿ ತನ್ನ ಚಪ್ಪಲಿಯ ಸಪ್ಪಳವೇ ಹಿಂದಿನಿಂದ ಬಂದಂತಾಗಿ ಎರಡು ಸಲ ಓಡಿದ್ದ. ಈ ವಿಷಯ ಗೊತ್ತಿದ್ದದ್ದು ಸೇಠರಿಗೆ ಮಾತ್ರ, ಅವರು ಯಾರಿಗೂ ಹೇಳಿರಲಿಲ್ಲ. ಅವನ ತಾಯಿಗಂತೂ ಹೇಳಿರಲೇ ಇಲ್ಲ. ಕೆಟ್ಟದ್ದಾದದ್ದು ಅದರಿಂದಲೇ.

ತಾಯಿ ಕಸ್ತೂರಿಬಾಯಿ ಒಂದು ದಿನ ಮುಂಜಾನೆ ಔರಾದದಿಂದ ಬಸ್ಸು ಬದಲಿಸುತ್ತ ಭಾಲ್ಕಿಗೆ ಬಂದು ಟೆಂಟಿನ ಮುಂದೆ ಕೂತಿದ್ದಳು. ಮುಖದ ಮೇಲಿನ ಧೂಳನ್ನೂ ಒರೆಸಿಕೊಂಡಿರಲಿಲ್ಲ.

'ವಿಮಲಾಗ ದಿನ ತುಂಬ್ಯಾವ,' ಎಂದಳು. 'ಚೊಚ್ಚಲ ಹೆರಿಗಿ. ತವರಮನಿಗಿ ಕರ್ಕೊಂಡು ಬರ್ಬೇಕಂತ ಹೋದ್ರ ಬಿಡವಲ್ರು.'

ವಿಮಲಾಬಾಯಿ ವೈಜಿನಾಥನ ಒಬ್ಬಳೇ ತಂಗಿ. ಊರಿನ ಬಾವಿ ತಳ ಕಂಡ ಮೇಲೆ ಅವಳೂ ಗಂಡ ಹಾವಗೆಪ್ಪನೂ, ಇತರ ಹಲವು ಮನೆಯವರಂತೆ, ಧೋಂಡಿಬಾ ಎಂಬ ಮುಕಾದಮನ ಮಾತಿಗೆ ಹೂಂ ಎಂದಿದ್ದರು. ಮುಕಾದಮನೆಂದರೆ ಕೂಲಿಯವರನ್ನು ಒಟ್ಟು ಮಾಡಿ ದೂರದ ಕೆಲಸಕ್ಕೆ ಸಾಗಿಸುವವನು. ಮಹಾರಾಷ್ಟ್ರದ ಕಡೆ ಡ್ಯಾಮು ಕಟ್ಟುತ್ತಾರೆ, ಅಲ್ಲಿ ಕೆಲಸ, ಹೊಟ್ಟೆ ತುಂಬ ರೊಟ್ಟಿ, ಹೆರಿಗೆಗೆ ವಾಪಸು ಬರಬಹುದು ಎಂದಿದ್ದ. ಬೀದರಿನ ಚಿದ್ರಿಯ ಅಂಚಿನಲ್ಲಿ, ಹಿಂದೆ ಹತ್ತಿ ತುಂಬುತ್ತಿದ್ದ ಒಂದು ಕಂಪೌಂಡಿನೊಳಗೆ ಎಲ್ಲರನ್ನೂ ಕೂಡಿಸಿದ. ಲಾರಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ತಿಂಗಳ ಮೇಲಾಯಿತು. ಒಳಗೆ ಹೋದವರು ಹೊರಗೆ ಬಂದಿರಲಿಲ್ಲ.

'ನೀ ಹೋಗಿದ್ದಿಯೇನು? ಬೈದ್ರೇನು?' ವೈಜಿನಾಥ ಕೇಳಿದ.

'ಬೈಲಿಲ್ಲಪ್ಪ. ಅದೇ ಅಂಜಿಕಿ. ಆ ಮುಕಾದಮ ಚಹಾ ಕುಡಿಸ್ದ, ಅವ್ವಾ ಅಂದ, ಗೇಟ ತನಕ ಬಂದು ಕಳಿಸ್ದ. ಬಿಡ್ಲಿಲ್ಲ ಅಷ್ಟೇ. ಇವತ್ತ ಸಂಜಿಗಿ ಲಾರಿ ಖರೇನೇ ಬರ್ತದಂತ. ಆ ಲಾರಿ ಹತ್ತಿದ್ರ ನನ್ನ ಮಗಳು ಹಾದ್ಯಾಗೇ ಹಡೀತಾಳ.' ಅವಳು ಮಗನ ಮುಖ ನೋಡಿದಳು. 'ನೀ ಹೋಗು. ನಿನ್ನ ದನಿಗಿ ಇಡೀ ಭಾಲ್ಕಿ ನಡಗ್ತದಂತ ಮಂದಿ ಹೇಳ್ತಾರ.'

ಪೆಟ್ಟಿಗೆಯ ಮೇಲೆ ಕೂತು ರೀಲು ಸುತ್ತುತ್ತಿದ್ದ ಫಕ್ರೋದ್ದೀನ ಸೇಠರು ಕೆಮ್ಮಿದರು. ವೈಜಿನಾಥ ಅವರ ಕಡೆ ನೋಡಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದ. ಆದರೆ ಚಹಾದಂಗಡಿಯವರೆಲ್ಲ ಕೇಳುತ್ತ ನಿಂತಿದ್ದರು.

'ಹೋಗ್ತೇನಿ,' ಎಂದ, ಬಾಸಿನ ದನಿಯಲ್ಲಿ.

'ಬೇಟಾ,' ಸೇಠರು ಮೆಲ್ಲಗೆ ಅಂದರು, 'ಗಾಡಿ ಬರೋ ಟೈಮಾಯ್ತು. ಹೋಗೋಕಿಂತ ಮೊದಲು ಒಂದ್ಸಲ ಪಾಯಖಾನಾಕ ಹೋಗಿ ಬಾ.'

ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ವೈಜಿನಾಥ ಮಾತು ಜೋಡಿಸತೊಡಗಿದ. ಗ್ಯಾಂಗುಗಳ ಬಗ್ಗೆ ಜಿಲ್ಲೆಯಲ್ಲೇ ತನ್ನಷ್ಟು ತಿಳಿದವರಿಲ್ಲ ಎಂಬ ಧೈರ್ಯ ಒಂದಿತ್ತು. ಬಾಸು ಮೊದಲು ನಗುತ್ತಾನೆ, ಆಮೇಲೆ ಬೆದರಿಸುತ್ತಾನೆ, ಆಮೇಲೆ ತನ್ನ ಕಥೆಯನ್ನೆಲ್ಲ ತಾನೇ ಹೇಳುತ್ತ ನಿಲ್ಲುತ್ತಾನೆ. ಆ ಹೊತ್ತಿಗೆ ಎಗರಬೇಕು. ಎಗರುವಲ್ಲಿಗೆ ಬಂದಾಗ ಮಾತ್ರ ಅವನು ಮತ್ತೆ ನಗುವಿನಿಂದ ಶುರು ಮಾಡುತ್ತಿದ್ದ. ಹೊರಗೆ ಬಿರಿದ ಹೊಲಗಳು ಹಿಂದೆ ಓಡುತ್ತಿದ್ದವು. ಮುಂದೆ ಓಡುತ್ತಿದ್ದದ್ದು ತಾನೊಬ್ಬನೇ ಎನಿಸಿ ಕಣ್ಣು ಮುಚ್ಚಿಕೊಂಡ.

ಕಂಪೌಂಡಿನ ಗೋಡೆ ಎರಡಾಳೆತ್ತರ. ಒಂದೇ ಮರದ ಗೇಟು, ಅದಕ್ಕೆ ಅಡ್ಡ ಒಂದು ತೊಲೆ. ಬಡಿಗೆ ಹಿಡಿದ ಕೆಲವರು ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಅವರಲ್ಲಿ ಹಂದಿಗೂದಲಿನಂಥ ಮೀಸೆಯವನೊಬ್ಬ ವೈಜಿನಾಥನನ್ನು ಕಂಡು ಎದ್ದು ನಿಂತ. ವೈಜಿನಾಥ ಬಂದ ದಾರಿಯ ಕಡೆ ತಿರುಗಿದ.

'ಭಾಲ್ಕಿ ಟೆಂಟಿನ ಮಾಮಾ ಅಲ್ಲೇನ್ರಿ ನೀವು? ನಾ ಪೀರಪ್ಪ. ನಿಮ್ಮ ಬಾಸಿನ ಸಲುವಾಗಿ ಒಂದೊಂದು ಸಿನಿಮಾ ನಾಕ್ನಾಕು ಸಲ ನೋಡೇನಿ. ಬರ್ರಿ, ಒಳಗ ಬರ್ರಿ.' ತೊಲೆ ಎತ್ತಿದ. ವೈಜಿನಾಥ ಒಳಗೆ ಹೋದೊಡನೆ ತೊಲೆಯನ್ನು ಮತ್ತೆ ಹಾಕಿದ. ಆ ಸಪ್ಪಳ ಯಾವ ಸಿನಿಮಾದಲ್ಲೂ ಕೇಳಿದ ಸಪ್ಪಳದಂತಿರಲಿಲ್ಲ.

ಒಳಗೆ ಕೆಂಪು ದೀಪವಿಲ್ಲ, ಗುಹೆಯಿಲ್ಲ. ಬಿಸಿಲಿನಲ್ಲಿ ಗಂಟುಮೂಟೆ ಮುಂದಿಟ್ಟುಕೊಂಡು ಸಾಲಾಗಿ ಕೂತ ಜನ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಗೋಡೆಯ ನೆರಳಿಗೆ ವಿಮಲಾಬಾಯಿ ಎರಡೂ ಕೈ ಹಿಂದಕ್ಕೂರಿ ಹೊಟ್ಟೆ ಮುಂದೆ ಮಾಡಿ ಕೂತಿದ್ದಳು. ಅಣ್ಣನನ್ನು ಕಂಡು ಅವಳ ಮುಖ ಅರಳಿತು, ಆಮೇಲೆ ಅವನ ಮುಖ ನೋಡಿ ಮುದುಡಿತು.

ಒಳಗಿನ ಹಳೆಯ ಗೋದಾಮಿನ ಬಾಗಿಲ ಹತ್ತಿರ, ಹಗ್ಗದ ಹೊರಸಿನ ಮೇಲೆ ಬಿಳಿ ಧೋತರ, ಕನ್ನಡಕದ ಸಣ್ಣ ಮನುಷ್ಯನೊಬ್ಬ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಕೆನ್ನೆಯೊಂದು ಬಾತಿತ್ತು. ಹಲ್ಲುನೋವಿಗೆ ಲವಂಗ ಇಟ್ಟುಕೊಂಡಿದ್ದ. ಹೀಗಾಗಿ ಮಾತು ತುಟಿಯ ಅಂಚಿನಿಂದ, ಬಲು ಮೆತ್ತಗೆ ಬರುತ್ತಿತ್ತು. ವೈಜಿನಾಥ ಇವನು ಯಾರೋ ಲೆಕ್ಕದ ಗುಮಾಸ್ತ ಎಂದುಕೊಂಡು ಬಾಸಿಗಾಗಿ ಆಚೀಚೆ ನೋಡಿದ.

'ಕೂಡ್ರಿ. ಬಿಸಲಾಗ ಬಂದೀರಿ,' ಎಂದ ಆ ಮನುಷ್ಯ. 'ನಾನೇ ಧೋಂಡಿಬಾ.'

ಚಹಾ ಬಂತು. ಧೋಂಡಿಬಾ ಅದನ್ನು ತಾನೇ ಕಪ್ಪಿನಿಂದ ಬಸಿಗೆ ಸುರಿದು, ಆರಿಸಿ, ಮತ್ತೆ ಕಪ್ಪಿಗೆ ಹಾಕಿ ಬಸಿಯ ಮೇಲಿಟ್ಟು ಕೊಟ್ಟ. ವೈಜಿನಾಥ ಬಸಿ ಹಿಡಿದ ಕೂಡಲೇ ಅದು ಟಣಟಣ ಅನ್ನತೊಡಗಿತು. ಕೆಳಗಿಟ್ಟ. ರೈಲಿನಲ್ಲಿ ಜೋಡಿಸಿದ ಮಾತನ್ನು ಬಾಸಿನ ದನಿಯಲ್ಲಿ ಹೇಳಹೋದ. ಹೊರಬಂದದ್ದು ಸಿಕ್ಕಿಬಿದ್ದ ಇಲಿಯ ದನಿ.

'ತಂಗಿನ... ಕರ್ಕೊಂಡು ಹೋಗ್ತೇನ್ರಿ.'

'ಕರ್ಕೊಂಡು ಹೋಗ್ರಿ. ಯಾರು ಬ್ಯಾಡಂದ್ರು?' ಧೋಂಡಿಬಾ ಕಿರುಬೆರಳಿನ ಉಗುರನ್ನು ಬೆಳಕಿಗೆ ಹಿಡಿದು ನೋಡಿದ. 'ಹೆರಿಗಿ ಆದ ಮ್ಯಾಲ ಹೋಗ್ರಿ. ಡ್ಯಾಮಿನ ಮ್ಯಾಲ ದವಾಖಾನಿ ಅದ. ಅವ್ವಾ ಹ್ಯಾಂಗ ಅದಾಳ್ರಿ, ಕಸ್ತೂರಿಬಾಯಿ? ಔರಾದದಾಗ ಒಬ್ಬಾಕಿನೇ ಇರ್ತಾಳಲ್ಲ, ಬೇವಿನ ಗಿಡದ ಮನ್ಯಾಗ. ಹಿಂದಿನ ಬಾಗಿಲದ ಚಿಲಕಾ ಸಡಿಲದ. ಹಾಕಿಸ್ರಿ.'

ಅವನು ಬೆದರಿಸಲಿಲ್ಲ. ಖರೇ ಕಾಳಜಿಯಿಂದಲೇ ಹೇಳಿದಂತಿತ್ತು. ನಗುವ ಗ್ಯಾಂಗಿಗೆ ಏನು ಮಾಡಬೇಕೆಂದು ವೈಜಿನಾಥನಿಗೆ ಗೊತ್ತಿತ್ತು. ಚಿಲಕದ ಕಾಳಜಿ ಮಾಡುವ ಗ್ಯಾಂಗನ್ನು ಅವನು ಎಲ್ಲಿಯೂ ನೋಡಿರಲಿಲ್ಲ.

'ಹಂಗಾರ... ನಾ ಬರ್ತೇನ್ರಿ,' ಎಂದು ಏಳಹೋದ.

'ಎಲ್ಲಿಗಿ?' ಧೋಂಡಿಬಾ ಕೇಳಿದ. 'ಲಾರಿಗಿ ತಲಿ ಕಮ್ಮಿ ಬೀಳ್ಲತ್ತಾವ. ತಂಗಿ ಕೂಡ ನೀವೂ ಬಂದ್ರ ಆಕಿಗೂ ಧೈರ್ಯ. ಕೂಡ್ರಿ, ಚಹಾ ಆರ್ತದ.'

ವೈಜಿನಾಥ ಕೂತ. ತಂಗಿಯನ್ನು ಬಿಡಿಸಲು ಬಂದವನು ಈಗ ಲಾರಿ ಹತ್ತುವವರ ಸಾಲಿನಲ್ಲಿದ್ದ. ಸೂರ್ಯ ಗೋಡೆಯ ಕಡೆ ವಾಲುತ್ತಿದ್ದ. ವಿಮಲಾಬಾಯಿ ಒಮ್ಮೆ ಹಲ್ಲು ಕಚ್ಚಿ ಸೊಂಟ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಹಾವಗೆಪ್ಪ, ಉದ್ದಕ್ಕೆ ಬೆಳೆದ ಮಿತಭಾಷಿ, ಭಾವನ ಕಡೆ ನೋಡಿದ. ಆ ನೋಟದಲ್ಲಿ ಬೈಗುಳ ಇದ್ದಿದ್ದರೆ ಚೆನ್ನಾಗಿತ್ತು. ಇದ್ದದ್ದು ಆಸೆ.

ಅಷ್ಟರಲ್ಲಿ ಒಂದು ಕೂಸು ಅಳತೊಡಗಿತು. ಅದನ್ನು ಕೇಳಿ ಇನ್ನೊಂದು, ಮತ್ತೊಂದು. ಹೆಂಗಸರು ಎದ್ದು ನಿಂತರು. ಬಿಸಿಲಿನಲ್ಲಿ ಜನ ಕುದಿಯತೊಡಗಿದಂತೆ ಕಂಡಿತು. ಪೀರಪ್ಪ ಗೇಟಿನಿಂದ ಓಡಿ ಬಂದ.

'ಮುಕಾದಮ್ ಸಾಬ್, ಮಾಮಾಗ ಒಂದು ಕತಿ ಹೇಳ್ಲಿಕ್ಕಿ ಹೇಳ್ರಿ. ಲಾರಿ ಬರೋ ತನಕ ಮಂದಿ ಹಲ್ಲು ಮಿಸುಕಾಡ್ಸಂಗಿಲ್ಲ ನೋಡ್ರಿ.'

ಹಲ್ಲು ಎಂದೊಡನೆ ಧೋಂಡಿಬಾ ಕೆನ್ನೆ ಮುಟ್ಟಿಕೊಂಡ. 'ಹೇಳ್ರಿ,' ಎಂದ.

ಒಂದು ತಾಮ್ರದ ಗಡಿಗೆ ಬೋರಲು ಹಾಕಿದರು. ವೈಜಿನಾಥ ಅದರ ಮೇಲೆ ಹತ್ತಿದ. ಕೂತವರಲ್ಲಿ ಬಹಳ ಮಂದಿ ಔರಾದ, ಭಾಲ್ಕಿ ಕಡೆಯವರು, ಅವನ ಟೆಂಟಿನಲ್ಲಿ ನೆಲಕ್ಕೆ ಕೂತು ಸಿನಿಮಾ ನೋಡಿದವರು. ಅಳುವ ಕೂಸುಗಳನ್ನು ಎದೆಗವಚಿಕೊಂಡು ಕಣ್ಣು ಮೇಲೆತ್ತಿದರು. ಬಡಿಗೆಯವರು ಗೇಟಿಗೆ ಬೆನ್ನು ಕೊಟ್ಟು ಕೂತರು. ವೈಜಿನಾಥ ಗ್ಯಾಂಗಿನ ಸಿನಿಮಾವೊಂದನ್ನು ಶುರು ಮಾಡಿದ. ಬೇರೆ ಯಾವುದೂ ನೆನಪಾಗಲಿಲ್ಲ. ಗುಹೆ ಹೇಳಿದ, ಕಾರಂಜಿ ಹೇಳಿದ. ಕಾರಂಜಿಗೆ ಜನ ಉಸಿರು ಬಿಟ್ಟರು. ಹೀರೋನ ಮುದಿ ತಂದೆಯನ್ನು ಹಿಡಿದು ತಂದು ಬಾಸಿನ ಮುಂದೆ ನಿಲ್ಲಿಸಿದ. ಈಗ ಅಟ್ಟಹಾಸ ಮಾಡಬೇಕು. ಎದೆ ಉಬ್ಬಿಸಿದ. ಗಂಟಲು ಒಣಗಿ ಬೆಂಡಾಗಿತ್ತು, ನಗು ಬರಲಿಲ್ಲ. ಅದರ ಬದಲು ತುಟಿಯ ಅಂಚಿನಿಂದ, ಬಲು ಮೆತ್ತಗೆ, ಬೇರೆಯೇ ದನಿ ಬಂತು.

'ಕೂಡ್ರಿ. ಬಿಸಲಾಗ ಬಂದೀರಿ.'

ಹೆಂಗಸರು ಕೂಸುಗಳ ಮುಖದ ಮೇಲೆ ಸೆರಗು ಎಳೆದರು. ಒಂದು ಮೂಲೆಯಲ್ಲಿ ಹಾವಗೆಪ್ಪ, ತಿಂಗಳಿನಿಂದ ಬಾಯಿ ಬಿಡದವನು, ಪುಸಕ್ಕೆಂದು ನಕ್ಕುಬಿಟ್ಟ. ತಾನು ಏನು ಮಾಡಿದೆ ಎಂಬುದು ವೈಜಿನಾಥನಿಗೆ ಆಗ ತಿಳಿಯಿತು. ಅವನು ಬೇಕೆಂದು ಮಾಡಿದ್ದಲ್ಲ. ಹೆದರಿದ ನಾಲಿಗೆ ತಾನು ಹೆದರಿದ ದನಿಯನ್ನೇ ಹಿಡಿದುಕೊಂಡಿತ್ತು.

ಧೋಂಡಿಬಾ ಬಾಯಿಯಿಂದ ಲವಂಗ ತೆಗೆದ. ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. ಮತ್ತೆ ಬಾಯಿಗಿಟ್ಟುಕೊಂಡ.

'ಛಲೋ ಮಾಡ್ತೀರಿ,' ಎಂದ. 'ಮುಂದ?'

ವೈಜಿನಾಥನಿಗೆ ಮುಂದೆ ಏನೂ ಇರಲಿಲ್ಲ. ಕಥೆ ಪೂರ್ತಿ ತಲೆಯಿಂದ ಇಳಿದು ಹೋಗಿತ್ತು. ಮನುಷ್ಯನಿಗೆ ಏನೂ ತೋಚದಾಗ ಕೈ ಬಾಯಿ ರೂಢಿಯ ಕೆಲಸ ಮಾಡುತ್ತವೆ. ದಿನಾಲೂ ಗಂಟಲು ಒಣಗಿದಾಗ ಏನು ಕೂಗುತ್ತಿದ್ದನೋ ಅದನ್ನೇ ಇದ್ದಷ್ಟು ದನಿ ಒಟ್ಟು ಮಾಡಿ ಕೂಗಿದ.

'ಇಂಟರ್‌ವಲ್. ಹೊರಗ ಹೋಗೋರು ಹೋಗಿ ಬರ್ರಿ. ಘಂಟಿ ಹೊಡದ ಮ್ಯಾಲ ಒಳಗ ಬರ್ರಿ.'

ಸೇಠರ ಟೆಂಟಿನಲ್ಲಿ ಇಂಟರ್‌ವಲ್ಲಿಗೆ ಒಂದು ಪದ್ಧತಿಯಿತ್ತು. ಒಳಗಿನ ಸೆಕೆ ಹೋಗಲೆಂದು ಟೆಂಟಿನ ಸುತ್ತಲಿನ ಪಡದೆಗಳನ್ನೆಲ್ಲ ಎತ್ತಿಬಿಡುವರು. ಗೇಟಿನವನೂ ಗೇಟು ಬಿಟ್ಟು ಚಹಾಕ್ಕೆ ಹೋಗುವನು. ಯಾರೂ ಚೀಟಿ ಕೇಳುವಂತಿಲ್ಲ, ಯಾರೂ ತಡೆಯುವಂತಿಲ್ಲ. ಘಂಟೆಯಾದರೆ ಎಲ್ಲರೂ ತಾವಾಗಿಯೇ ಬರುತ್ತಾರೆ. ಅರ್ಧ ಕಥೆ ಬಿಟ್ಟು ಓಡಿಹೋದವನು ಭಾಲ್ಕಿ ತಾಲೂಕಿನಲ್ಲಿ ಒಬ್ಬನೂ ಇರಲಿಲ್ಲ.

ಪೀರಪ್ಪ ಎದ್ದು ಮೈ ಮುರಿದ. ಗೆಳೆಯರೊಂದಿಗೆ ಮಾತಾಡುತ್ತ, ಒಂದು ಚಣವೂ ಯೋಚಿಸದೆ, ತೊಲೆ ಎತ್ತಿ ಪಕ್ಕಕ್ಕಿಟ್ಟ. ಗೇಟು ಪೂರ್ತಿ ತೆರೆದಿಟ್ಟು ಬಡಿಗೆಯವರೆಲ್ಲ ಹೊರಗೆ ಹೋದರು; ಕೆಲವರು ಗೋಡೆಯ ಕಡೆ, ಉಳಿದವರು ಎದುರಿನ ಚಹಾದಂಗಡಿಯ ಕಡೆ. ಜನರೂ ಎದ್ದರು. ಮೊದಲು ರೂಢಿಯಿಂದ ಎದ್ದರು. ಗೇಟು ದಾಟಿ ಬೀದಿಯ ಗಾಳಿ ಮುಖಕ್ಕೆ ತಾಕಿದ ಮೇಲೆ ಅವರಿಗೆ ತಾವೆಲ್ಲಿದ್ದೇವೆಂಬುದು ತಿಳಿದಿರಬೇಕು. ಹಿಂದಿನವರು ಗಂಟು ಎತ್ತಿಕೊಂಡೇ ಎದ್ದರು. ಹಾವಗೆಪ್ಪ ಹೆಂಡತಿಯ ತೋಳು ಹಿಡಿದು ಎಬ್ಬಿಸಿದ.

'ಕೂಡ್ರಿ, ಕೂಡ್ರಿ,' ಎಂದ ಧೋಂಡಿಬಾ. ಎದುರು ಕೂತವನ ಎಲುಬು ತಣ್ಣಗೆ ಮಾಡುವ ದನಿ ಹತ್ತು ಮೊಳ ದಾಟಲಿಲ್ಲ. ಜೀವನದಲ್ಲಿ ಅವನಿಗೆ ಕೂಗುವ ಪ್ರಸಂಗವೇ ಬಂದಿರಲಿಲ್ಲ. ಈಗ ಕೂಗಹೋದ, ಬಾಯಿ ಅಗಲಿಸಿದೊಡನೆ ಹಲ್ಲು ಝುಮ್ಮೆಂದಿತು, ಕೆನ್ನೆ ಹಿಡಿದುಕೊಂಡು ಕೂತುಬಿಟ್ಟ. ಮತ್ತೆ ತಲೆ ಎತ್ತಿದಾಗ ಕನ್ನಡಕದ ಹಿಂದಿನ ಕಣ್ಣು ವೈಜಿನಾಥನ ಮೇಲಿತ್ತು.

'ನೀವು ಕರೀರಿ,' ಎಂದ ಮೆತ್ತಗೆ. 'ನಿಮ್ಮ ದನಿ ದೊಡ್ಡದದ. ಒಮ್ಮಿ ಕರೀರಿ ಸಾಕು. ನಿಮ್ಮ ತಂಗಿನ ಬಿಡ್ತೇನಿ, ನಿಮ್ಮನ್ನೂ ಬಿಡ್ತೇನಿ.'

ವಿಮಲಾಬಾಯಿ ಆಗ ಗೇಟಿನ ನಡುವೆ ಇದ್ದಳು. ಅವಳ ಹಿಂದೆ ಇನ್ನೂ ಅರ್ಧ ಜನ ಒಳಗೇ ಇದ್ದರು. ವೈಜಿನಾಥ ಬಾಯಿ ತೆರೆದ. ಎಮ್ಮೆಗಳ ತಲೆ ಎತ್ತಿಸುವ ಬಾಯಿ ಅದು. ಏನೂ ಹೊರಡಲಿಲ್ಲ. ಅಂಜಿಕೆಯಿಂದ ಹೊರಡಲಿಲ್ಲವೋ, ತಾನೇ ಹೊರಡಿಸಲಿಲ್ಲವೋ, ಸಾಯುವ ತನಕ ಅವನಿಗೆ ಗೊತ್ತಾಗಲಿಲ್ಲ. ಬಾಯಿ ತೆರೆದೇ ನಿಂತ, ಜನ ಹೋಗುತ್ತಲೇ ಇದ್ದರು. ಕೊನೆಗೆ ಗಂಟಲನ್ನು ಬೆರಳಿನಿಂದ ತೋರಿಸಿ, ಗೇಟಿನ ಹತ್ತಿರ ಹೋಗಿ ಕರೆಯುತ್ತೇನೆ ಎಂದು ಕೈಸನ್ನೆ ಮಾಡಿ, ಗಡಿಗೆಯಿಂದಿಳಿದು ನಡೆದ. ಬಾಸಿನ ನಡಿಗೆ ಎಲ್ಲಿ ಹೋಗಿತ್ತೋ. ಶಾಲೆಗೆ ತಡವಾದ ಹುಡುಗನಂತೆ ನಡೆದ.

ಹೊರಗೆ ಪೀರಪ್ಪ ಚಹಾ ಹಿಡಿದು ನಿಂತಿದ್ದ. 'ಇನ್ನೂ ಎಷ್ಟೊತ್ತು ಮಾಮಾ?'

'ಘಂಟಿ...' ವೈಜಿನಾಥನಿಗೆ ಉಸಿರಷ್ಟೇ ಬಂತು. 'ಘಂಟಿ ಹೊಡೀತೇನಿ.'

'ಆಯ್ತು, ಆರಾಮ ಹೊಡೀರಿ,' ಎಂದು ಪೀರಪ್ಪ ಇನ್ನೊಂದು ಚಹಾ ಹೇಳಿದ. ಘಂಟೆ ಭಾಲ್ಕಿಯ ಟೆಂಟಿನಲ್ಲಿದೆ ಎಂಬುದು ಅವನಿಗೆ ಹೊಳೆಯುವ ಹೊತ್ತಿಗೆ ಮೂವರೂ ಸಂದಿಗೊಂದಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿದ್ದರು. ಔರಾದದ ಬಸ್ಸು ಹತ್ತಿ, ಅದು ಊರು ದಾಟುವ ತನಕ ವೈಜಿನಾಥ ಸೀಟಿನ ಕೆಳಗೆ ತಲೆ ಬಗ್ಗಿಸಿ ಕೂತ. ವಿಮಲಾಬಾಯಿ, ನೋವಿನ ನಡುವೆಯೂ, ಅಣ್ಣನ ತಲೆಯ ಮೇಲೆ ಸೆರಗು ಹೊದಿಸಿದಳು.

ಅವಳು ಬೇವಿನ ಗಿಡದ ಮನೆಯಲ್ಲೇ ಹಡೆದಳು, ಹೆಣ್ಣುಕೂಸು. ಹಿಂದಿನ ಬಾಗಿಲಿಗೆ ಅದೇ ವಾರ ಹೊಸ ಚಿಲಕ ಬಿತ್ತು, ಒಂದಲ್ಲ, ಮೂರು. ತನ್ನ ಮಗ ಬುದ್ಧಿ ಓಡಿಸಿ ಗ್ಯಾಂಗನ್ನೇ ಇಂಟರ್‌ವಲ್ಲಿಗೆ ಕಳಿಸಿದ ಎಂದು ಕಸ್ತೂರಿಬಾಯಿ ಊರ ತುಂಬ ಹೇಳಿದಳು. ವೈಜಿನಾಥ ಅಲ್ಲವೆನ್ನಲಿಲ್ಲ. ಭಾಲ್ಕಿಯ ಚಹಾದಂಗಡಿಯಲ್ಲಿ ಈಗ ಬೆಂಚಿಗೆ ಬೆಂಚೇ ಖಾಲಿಯಾಗುತ್ತಿತ್ತು. ಆದರೆ ಗೇಟು ದಾಟಿದವರಲ್ಲಿ ಬಹಳ ಮಂದಿ, ಹಾವಗೆಪ್ಪನೂ ಸೇರಿ, ತಿಂಗಳೊಳಗೆ ಮತ್ತೊಬ್ಬ ಮುಕಾದಮನ ಲಾರಿ ಹತ್ತಿದರು. ಊರಿನ ಬಾವಿಗೆ ಇನ್ನೂ ನೀರು ಬಂದಿರಲಿಲ್ಲ. ಅದನ್ನು ಯಾರೂ ಅವನೆದುರು ಎತ್ತಲಿಲ್ಲ. ಇನ್ನೊಂದನ್ನು ಸೇಠರು ಮಾತ್ರ ಗಮನಿಸಿದರು. ಬೆಂಚಿನ ಮೇಲೆ ಯಾರಾದರೂ 'ಕೂಡ್ರಿ, ಚಹಾ ಕುಡೀರಿ' ಎಂದು ಮೆತ್ತಗೆ ಅಂದರೆ ಅವನ ಕೈಯಲ್ಲಿನ ಬಸಿ ಟಣಟಣ ಎನ್ನುತ್ತಿತ್ತು. ಪರದೆಯ ಮೇಲೆ ಬಾಸು ನಕ್ಕಾಗ ಅವನೂ ನಗುತ್ತಿದ್ದ, ಮೊದಲಿಗಿಂತ ಜೋರಾಗಿಯೇ. ನಗುವ ಬಾಸಿನ ಅಂಜಿಕೆ ಅವನಿಗೆ ಉಳಿದಿರಲಿಲ್ಲ.

ಮುಂದಿನ ವರ್ಷ ಒಂದು ಸಂಜೆಯ ಆಟದಲ್ಲಿ, ಇಂಟರ್‌ವಲ್ ಕೂಗಿ ಸ್ಟೂಲಿನಿಂದಿಳಿದಾಗ ಎದುರಿಗೆ ಹಂದಿಗೂದಲಿನ ಮೀಸೆ ನಿಂತಿತ್ತು. ವೈಜಿನಾಥ ಹಿಂದಕ್ಕೆ ಹೆಜ್ಜೆಯಿಟ್ಟ, ಹಿಂದೆ ಪರದೆ.

'ಸಿಟ್ಟಿಲ್ರಿ ಮಾಮಾ,' ಎಂದ ಪೀರಪ್ಪ. 'ಆ ನೌಕರಿ ಅವತ್ತೇ ಹೋಯ್ತು. ಒಂದು ಮಾತು ಕೇಳ್ಲಿಕ್ಕಿ ಬಂದೇನಿ. ಆ ಮುದುಕಗ ಬಾಸು ಕೂಡ್ರಂದ. ಮುಂದ ಏನಾಯ್ತು?'

ವೈಜಿನಾಥ ಬಡಬಡ ಹೇಳಿದ. ಹೀರೋ ಬಂದ, ಹೊಡೆದಾಟವಾಯಿತು, ಬಾಸು ಕಾರಂಜಿಯ ನೀರಿನಲ್ಲಿ ಬಿದ್ದು ಸತ್ತ.

ಪೀರಪ್ಪ ಮೀಸೆ ಸವರಿಕೊಂಡ. 'ಇಂಥಾ ಬರಗಾಲದಾಗ ನೀರಾಗ ಬಿದ್ದು ಸತ್ನೇನ್ರಿ? ಪುಣ್ಯವಂತ.' ಆಮೇಲೆ ತಲೆ ಕೆರೆದುಕೊಂಡ. 'ಮುಕಾದಮಗೂ ಇದನ್ನೇ ಹೇಳಲೇನ್ರಿ? ಆಗೀಗ ಭೆಟ್ಟಿ ಆದಾಗ ಅವ್ನೂ ಕೇಳ್ತಿರ್ತಾನ. ಹಲ್ಲು ಕೀಳಿಸಿಕೊಂಡಾನ, ಈಗ ಮಾತು ಸ್ಪಷ್ಟ ಅದಾವ. ಭಾಲ್ಕಿಗಿ ಬಂದು ನಿಮ್ಮ ಬಾಯಾಗೇ ಕೇಳ್ತೇನಿ ಅಂತಿದ್ದ.'

ಆ ಸಂಜೆ ಇಂಟರ್‌ವಲ್ ಮುಗಿಯಲೇ ಇಲ್ಲ. ಜನ ಹೊರಗೆ ಶೇಂಗಾ ತಿಂದು ಮುಗಿಸಿ, ಬೀಡಿ ಸೇದಿ ಮುಗಿಸಿ, ಘಂಟೆಗಾಗಿ ಕಾಯುತ್ತ ನಿಂತರು. ಕೊನೆಗೆ ಸೇಠರೇ ಒಳಗೆ ಬಂದು ನೋಡಿದರು. ವೈಜಿನಾಥ ಘಂಟೆಯ ನಾಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ, ಒಳಗೆ ಬರುವವರಲ್ಲಿ ಯಾರಿರುತ್ತಾರೋ ಎಂದು.